ಎಡ ಮಗ್ಗುಲ ಮುಚ್ಚಳ

9 ಜೂನ್

ಪುಟ್ಟಿ,

ನಿನ್ನೆ ಫೋನಿನಲ್ಲಿ ಊಟ ಆಯ್ತಾ ಅಂತ ನೀನು ಕೇಳಿದೆ, ಆಯ್ತು ಅಂದೆ. ನಿನ್ನದಾಯ್ತಾ ಅಂತ ನಾನು ಕೇಳಿದೆ, ನೀನೂ ಆಯ್ತು ಅಂದೆ. ಅಷ್ಟಕ್ಕೇ ಫೋನ್ ಇಟ್ಟೆವು. ನಿನ್ನಪ್ಪ ಹೋದಮೇಲೆ ನಮಗೆ ಫೋನಿನಲ್ಲಿ ಮಾತು ಬರುತ್ತಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಬರೆಯುವಾಗ ಆ ಕಡೆ ಯಾರೂ ಕಾಯುತ್ತಿರುವುದಿಲ್ಲ.

ಇಲ್ಲಿ ಹೇಳುವಂಥದ್ದೇನಿಲ್ಲ. ಟೈಲರ್ ಬೆಳಿಗ್ಗೆ ಶರ್ಟುಗಳ ಗಂಟು ಕಳಿಸುತ್ತಾನೆ. ನಾನು ಕಾಜಾ ಹೊಲಿದು, ಗುಂಡಿ ಹಾಕಿ, ಸಂಜೆಗೆ ಕಳಿಸುತ್ತೇನೆ. ಅಪ್ಪನ ಮಂಚವನ್ನು ಆಸ್ಪತ್ರೆಯವರು ಬಂದು ಒಯ್ದರು. ಆ ಜಾಗದಲ್ಲಿ ಏನಿಡಬೇಕೋ ತೋಚದೆ ಖಾಲಿ ಬಿಟ್ಟಿದ್ದೇನೆ. ಅಡುಗೆಮನೆಗೆ ಹೋಗುವಾಗ ಈಗಲೂ ಮಂಚ ಇದೆಯೇನೋ ಎಂಬಂತೆ ಸುತ್ತಿಕೊಂಡೇ ಹೋಗುತ್ತೇನೆ.

ಹಿತ್ತಲಲ್ಲಿ ನಮ್ಮ ಹಸು ಬೂದಿಯ ಕೊಟ್ಟಿಗೆಯೂ ಖಾಲಿ. ಅಪ್ಪನಿಗೆ ಮಾತು ಬಿದ್ದುಹೋಗಿ ಮಲಗಿದಾಗ, ಎರಡು ಜೀವ ನಿನ್ನೊಬ್ಬಳ ಕೈಲಿ ಆಗಲ್ಲಮ್ಮ, ಬೂದಿ ನಮ್ಮ ಪಶುವೈದ್ಯ ಕಾಲೇಜಿನಲ್ಲಿರಲಿ, ಅಪ್ಪ ಎದ್ದಮೇಲೆ ತರೋಣ ಅಂದವಳು ನೀನು. ಅಪ್ಪ ಏಳಲಿಲ್ಲ. ಈಗ ನನ್ನ ಕೈಗಳಿಗೆ ಬೇಕಾದಷ್ಟು ಬಿಡುವಿದೆ. ಬೂದಿಯನ್ನು ಯಾವಾಗ ಮನೆಗೆ ತರೋಣ?

ಅಮ್ಮ


21 ಜೂನ್

ಅಮ್ಮ,

ನಿನ್ನ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಒಡೆದೆ. ಅಕ್ಷರ ನೋಡಿದ ಕೂಡಲೇ ಓದಲಾಗದೆ, ಮನೆಗೆ ತಂದು ಓದಿದೆ.

ಬೂದಿ ಚೆನ್ನಾಗಿದ್ದಾಳೆ. ನಿನಗಿಂತ ಚೆನ್ನಾಗಿ ತಿನ್ನುತ್ತಾಳೆ. ನಮ್ಮ ಹಿಂದಿನ ಉದ್ದನೆಯ ಶೆಡ್ಡಿನಲ್ಲಿ ಒಂದೊಂದು ತಳಿಯದು ಒಂದೊಂದು ದನ ಕಟ್ಟಿರುತ್ತೇವೆ. ಬೂದಿಯಂಥ ಕುಳ್ಳ ತಳಿಯದು ಮಾತ್ರ ಇರಲಿಲ್ಲ, ಚಿತ್ರ ತೋರಿಸಿ ಪಾಠ ಮಾಡುತ್ತಿದ್ದೆವು. ಮೊದಲನೆಯ ದಿನ ನಾನು ಹೆಸರಿನ ಫಲಕಗಳನ್ನೆಲ್ಲ ಹಿಂದುಮುಂದಾಗಿ ತಿರುಗಿಸಿ, ನೋಡಿ ಹೇಳಿ ಅನ್ನುತ್ತೇನೆ. ಬೂದಿಯ ಮುಂದೆ ಬಂದಾಗ ಎಲ್ಲರೂ ಒಂದೇ ಬಾಯಲ್ಲಿ, "ಇದು ಕರು ಮೇಡಂ" ಅಂದರು. ಹಲ್ಲು ನೋಡಿ ಅಂದೆ. ಒಬ್ಬ ಬಾಯಿ ಬಿಡಿಸಿ ನೋಡಿ ಹಿಂದೆ ಸರಿದ. "ಸಾರಿ ಮೇಡಂ, ಇದು ಅಜ್ಜಿ."

ನಮ್ಮ ಕ್ಲಾಸಿನಲ್ಲಿ ತುಂಬ ಉದ್ದನೆಯ ಹುಡುಗಿಯೊಬ್ಬಳಿದ್ದಾಳೆ. ಎಲ್ಲರೂ ಏಣಿ ಅಂತ ಕರೆಯುತ್ತಾರೆ, ಅವಳೂ ಓ ಅನ್ನುತ್ತಾಳೆ. ಬೂದಿಯ ಹತ್ತಿರ ಅವಳು ಮಂಡಿ ಊರಿ ಕೂರಬೇಕು. "ಏಣಿ, ಇನ್ನೊಂದು ಮೆಟ್ಟಿಲು ಇಳಿಯೇ" ಅಂತ ಹಿಂದಿನಿಂದ ಕಾಲೆಳೆಯುತ್ತಾರೆ. ತಳಿ ಅಂದರೆ ಬಣ್ಣವಲ್ಲ, ಒಂದು ಜಾಗದ ಕಲ್ಲು, ಬಿಸಿಲು, ಒಣ ಹುಲ್ಲು ಸೇರಿ ಎಷ್ಟೋ ತಲೆಮಾರು ತಿದ್ದಿದ ಮೈ ಅಂತ ಹೇಳಿ ಬೂದಿಯ ಗೊರಸು ಮುಟ್ಟಿಸುತ್ತೇನೆ. ಮುಂದಿನ ಗಂಟೆ ಪ್ರಾಣಿಗಳ ಕ್ಷೇಮದ ಪಾಠ. ಹಸಿವಿರಬಾರದು, ನೋವಿರಬಾರದು, ಹೆದರಿಕೆ ಇರಬಾರದು, ಮಲಗಲು ಒಣ ಜಾಗ ಇರಬೇಕು, ತನ್ನ ಸ್ವಭಾವದಂತೆ ಬದುಕಲು ಬಿಡಬೇಕು. ಅದನ್ನೂ ಅವಳ ಮುಂದೆಯೇ ನಿಂತು ಹೇಳುತ್ತೇನೆ.

ಈ ಬ್ಯಾಚಿನ ಮಕ್ಕಳದ್ದು ಮುಗಿಯಲಿ ಅಮ್ಮ. ಆಮೇಲೆ ನೋಡೋಣ.

ನಿನ್ನ ಮಗಳು


4 ಜುಲೈ

ಪುಟ್ಟಿ,

ಹಲ್ಲು ನೋಡಿದ ಹುಡುಗನ ಕಥೆಯನ್ನು ಟೈಲರ್‌ಗೆ ಓದಿ ಹೇಳಿದೆ. "ನಿಮ್ಮ ಹಸುಗೂ ಮೇಷ್ಟ್ರ ಕೆಲಸ ಸಿಕ್ತು, ನಾನಿನ್ನೂ ಕತ್ತರಿ ಹಿಡ್ಕೊಂಡು ಕೂತಿದೀನಿ ನೋಡಿ" ಅಂದ. ಎಷ್ಟೋ ದಿನದ ಮೇಲೆ ನಕ್ಕೆ. ನಗು ಬಂದದ್ದಕ್ಕೆ ಆಮೇಲೆ ಒಂದು ಥರ ಆಯಿತು.

ಕೊಟ್ಟಿಗೆ ಗುಡಿಸಿ ಸುಣ್ಣ ಹೊಡೆದೆ. ಗೋದಲಿಯ ಒಂದು ಹಲಗೆ ಹುಳ ಹಿಡಿದಿತ್ತು. ನಿನ್ನಪ್ಪ ಇದ್ದಿದ್ದರೆ ಬೇರೆ ಹಲಗೆ ಕೂರಿಸಿ, ಉಳಿ ಒರೆಸಿಟ್ಟು, ಹೇಗಿದೆ ಅಂತ ನನ್ನನ್ನೇ ಕೇಳುತ್ತಿದ್ದ. ಪಕ್ಕದ ಬೀದಿಯ ಬಡಗಿ ಬಂದು ಹಾಕಿಕೊಟ್ಟ. ಅವನು ಏನೂ ಕೇಳಲಿಲ್ಲ, ಹಾಕಿ ಹೋದ.

ಬ್ಯಾಚು ಮುಗಿಯುವುದು ಯಾವಾಗಲೋ. ಅಲ್ಲಿಯವರೆಗೆ ಒಂದು ಸಲ ನಾನೇ ಬಂದು ಅವಳನ್ನು ನೋಡಿಕೊಂಡು ಹೋಗುತ್ತೇನೆ.

ಅಮ್ಮ


12 ಜುಲೈ

ಅಮ್ಮ,

ಅವಸರದಲ್ಲಿ ಬರೆಯುತ್ತಿದ್ದೇನೆ. ಈಗ ಬರಬೇಡ. ಪರೀಕ್ಷೆಗಳ ಸಮಯ, ನಾನು ನಿನ್ನ ಜೊತೆ ಇರಲು ಆಗುವುದಿಲ್ಲ. ಬಸ್ಸಿನಲ್ಲಿ ಅಷ್ಟು ದೂರ ನಿನಗೂ ಕಷ್ಟ. ಚಳಿಗಾಲದಲ್ಲಿ ನಾನೇ ಬಂದು ಕರೆದುಕೊಂಡು ಬರುತ್ತೇನೆ. ಬೂದಿ ಎಲ್ಲಿಗೂ ಹೋಗುವುದಿಲ್ಲ.

ನಿನ್ನ ಮಗಳು


30 ಜುಲೈ

ಪುಟ್ಟಿ,

ಅಕ್ಷರ ಸೊಟ್ಟಗಿದ್ದರೆ ಹಾಗೇ ಓದಿಕೋ.

ಸೋಮವಾರ ನಾನು ನಿನ್ನ ಕಾಲೇಜಿಗೆ ಬಂದಿದ್ದೆ. ನಿನಗೆ ತೊಂದರೆ ಕೊಡುವುದು ಬೇಡ, ಬೂದಿಯ ಮೈ ಸವರಿ, ಒಂದು ಚೀಲ ಕ್ಯಾರೆಟ್ ತಿನ್ನಿಸಿ, ಸಂಜೆ ಬಸ್ಸಿಗೆ ಹತ್ತುವುದು ಅಂತಿದ್ದೆ. ಗೇಟಿನ ಕಾವಲಿನವನು ಯಾರು ಬೇಕಮ್ಮ ಅಂದ. ದನ ನೋಡೋಕೆ ಅಂದೆ. "ಯಾರ ದನ?" "ನಂದೇ." ಅವನು ನಕ್ಕು, ಹಿಂದಿನ ಶೆಡ್ಡಿಗೆ ಹೋಗಿ, ಮೇಡಂ ಅಲ್ಲೇ ಇದ್ದಾರೆ ಅಂದ.

ನೀನು ಬೆನ್ನು ಹಾಕಿ ನಿಂತಿದ್ದೆ. ಮಕ್ಕಳೆಲ್ಲ ಸುತ್ತ ನೆರೆದಿದ್ದರು. ನನಗೆ ಮೊದಲು ಕಂಡದ್ದು ಬೂದಿಯ ಮುಖ. ಕಬ್ಬಿಣದ ಕಟಕಟೆಯೊಳಗೆ ನಿಂತು ಮೆಲುಕು ಹಾಕುತ್ತಿದ್ದಳು. ದುಂಡಗಾಗಿದ್ದಾಳೆ ಅನ್ನಿಸಿ ಸಂತೋಷವಾಯಿತು. ಕೂಗಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ನೀನು ಅವಳ ಎಡ ಮಗ್ಗುಲಿಗೆ ಕೈ ಹಾಕಿ ಕಪ್ಪು ರಬ್ಬರಿನ ಮುಚ್ಚಳ ಕಿತ್ತೆ. ಒಳಗೆ ತೂತು. ಸಾರಿನ ಬಟ್ಟಲಿನಷ್ಟು ಅಗಲದ್ದು. ಹುಳಿ ಹಿಡಿದ ಹುಲ್ಲಿನ ವಾಸನೆ ನಾನು ನಿಂತಲ್ಲಿಗೇ ಬಂತು. ಒಬ್ಬ ಹುಡುಗ ಉದ್ದನೆಯ ಕೈಗವಸು ತೊಟ್ಟು ಭುಜದವರೆಗೆ ಕೈಯನ್ನು ಅವಳೊಳಗೆ ಇಳಿಸಿದ.

"ಒಲೆ ಥರ ಬಿಸಿ ಇದೆ ಕಣೋ."

"ವಾಚ್ ತೆಗ್ದಿದೀಯಾ? ಒಳಗೆ ಬಿದ್ರೆ ಟಿಕ್ ಟಿಕ್ ಅಂತ ಮೆಲುಕು ಹಾಕತ್ತೆ ಅದು."

ಎಲ್ಲರೂ ನಕ್ಕರು. ನೀನೂ ನಕ್ಕೆ. ಆ ಎತ್ತರದ ಹುಡುಗಿ ಮಾತ್ರ ನಗಲಿಲ್ಲ. ಬೂದಿ ಮೆಲುಕು ಹಾಕುತ್ತಲೇ ಇದ್ದಳು.

ನಾನು ವರ್ಷಗಟ್ಟಲೆ ಕಾಜಾ ಹೊಲಿದವಳು. ಹೊಸ ತೂತಿನ ಅಂಚು ಹೇಗಿರುತ್ತದೆ, ಕೂತ ಅಂಚು ಹೇಗಿರುತ್ತದೆ ಅಂತ ನೋಡಿದರೆ ಗೊತ್ತಾಗುತ್ತದೆ. ಅದು ನಿನ್ನೆ ಮೊನ್ನೆಯದಲ್ಲ. ನೀನು ಗೊರಸಿನ ಪಾಠದ ಬಗ್ಗೆ ಬರೆದಾಗಲೂ ಆ ತೂತು ಇತ್ತು.

ಅದನ್ನಾದರೂ ನಾನು ತಡೆದುಕೊಳ್ಳುತ್ತಿದ್ದೆನೇನೋ. ಹುಡುಗ ಕೈ ತಿರುಗಿಸಿದಾಗ ಬೂದಿ ಒಮ್ಮೆ ಕಾಲು ಬದಲಿಸಿದಳು. ನೀನು ಅವಳ ಬೆನ್ನು ತಟ್ಟಿ, "ಆಯ್ತು, ಆಯ್ತು, ಇನ್ನೊಂಚೂರು" ಅಂದೆ.

ಅದೇ ಮಾತು ಪುಟ್ಟಿ. ಅದೇ ದನಿ. ಅಪ್ಪನ ಹೊಟ್ಟೆಯ ತೂತಿನ ಪೈಪಿಗೆ ಗಂಜಿ ಬಿಟ್ಟು ನೀರು ಹಾಯಿಸುವಾಗ ನೀನು ಹೀಗೇ ಅನ್ನುತ್ತಿದ್ದೆ. ಅವನು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ. ನಾನು ಶೆಡ್ಡಿನ ಮೇವಿನ ಕಂತೆಯೊಂದರ ಮೇಲೆ ಕೂತೆ. ಯಾರೂ ನೋಡಲಿಲ್ಲ. ಎದ್ದು ಬಂದುಬಿಟ್ಟೆ. ಕ್ಯಾರೆಟ್ ಚೀಲವನ್ನು ಕಾವಲಿನವನ ಕೈಗೆ ಕೊಟ್ಟೆ. ಮೇಡಂಗೆ ಏನು ಹೇಳ್ಲಿ ಅಂದ. ಏನೂ ಬೇಡ ಅಂದೆ.

ಅವಳನ್ನು ನೀನು ಏನು ಮಾಡಿದೆ?

ಅಮ್ಮ


3 ಆಗಸ್ಟ್

ಅಮ್ಮ,

ಕಾವಲಿನವನು ಆ ಸಂಜೆ ಚೀಲ ಕೊಟ್ಟು, ಯಾರೋ ವಯಸ್ಸಾದವರು ಬಂದಿದ್ದರು ಅಂದ. ನೀನಾಗಿರಲಾರೆ ಅಂತ ನನಗೆ ನಾನೇ ಹೇಳಿಕೊಂಡೆ. ನಿನ್ನ ಕಾಗದ ಬರುವ ತನಕ ಹಾಗೇ ನಂಬಿಕೊಂಡಿದ್ದೆ.

ಎಲ್ಲವನ್ನೂ ಹೇಳುತ್ತೇನೆ, ಪೂರ್ತಿ ಓದು. ದನದ ಹೊಟ್ಟೆಯೊಳಗೆ ಮೇವು ಹೇಗೆ ಕೊಳೆತು ಆಹಾರವಾಗುತ್ತದೆ ಅಂತ ಕಲಿಸಲು ಇಂಥ ಒಂದು ದನವನ್ನು ಕಾಲೇಜುಗಳಲ್ಲಿ ಇಟ್ಟುಕೊಳ್ಳುತ್ತಾರೆ. ಮಗ್ಗುಲಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ತೂತು ಕೊಯ್ದು, ಚರ್ಮವನ್ನೂ ಹೊಟ್ಟೆಯ ಗೋಡೆಯನ್ನೂ ಸೇರಿಸಿ ಹೊಲಿದು, ಮುಚ್ಚಳ ಕೂರಿಸುತ್ತಾರೆ. ಕೆಲವು ವಾರದಲ್ಲಿ ಮಾಯುತ್ತದೆ. ಆಮೇಲೆ ನೋವಿಲ್ಲ, ಸುಳ್ಳು ಹೇಳುತ್ತಿಲ್ಲ. ನೋವಿದ್ದರೆ ಮೆಲುಕು ಹಾಕುತ್ತಿರಲಿಲ್ಲ. ಕುಳ್ಳ ತಳಿ ಬರೀ ಒಣ ಕಡ್ಡಿ ತಿಂದು ಹೇಗೆ ಮೈ ಹಿಡಿಯುತ್ತದೆ ಅಂತ ತಿಳಿಯಬೇಕಿತ್ತು. ಬೂದಿ ಕೈಗೆ ಒಗ್ಗಿದವಳು, ಒದೆಯುವುದಿಲ್ಲ, ಅದಕ್ಕೇ ಅವಳಾದಳು. ಮೊನ್ನೆ ಮೇವು ಬಿಟ್ಟು ಮಲಗಿದ್ದ ದೊಡ್ಡ ಹಾಲಿನ ಹಸುವೊಂದಕ್ಕೆ ಬೂದಿಯ ಹೊಟ್ಟೆಯ ರಸ ತೆಗೆದು ಕುಡಿಸಿದೆವು. ಎದ್ದು ನಿಂತಿತು. ಆ ಹಸುವಿನವರು ಬೂದಿಯ ಹಣೆ ಮುಟ್ಟಿ ಹೋದರು.

ಪ್ರಾಣಿಗಳ ಕ್ಷೇಮ ನೋಡುವ ಸಮಿತಿಯಲ್ಲಿ ನಾನೇ ಇದ್ದೇನೆ. ಎಲ್ಲ ನಿಯಮದಂತೆ ಆಗಿದೆ. ಮನೆಯವರ ಒಪ್ಪಿಗೆ ಇದೆಯಾ ಅಂತ ಕೇಳಿದರು. ಇದೆ ಅಂದೆ. ನಾನು ಮನೆಯವಳಲ್ಲವಾ?

ನಿನಗೆ ಹೇಳಬೇಕು ಅಂತಿದ್ದೆ. ಅಪ್ಪ ಪೈಪ್ ಹಾಕಿಸಿಕೊಂಡು ಮಲಗಿದ್ದಾಗ ಇದನ್ನು ಯಾವ ಬಾಯಲ್ಲಿ ಹೇಳಲಿ? ಅಪ್ಪನಿಗೆ ಮಾಡಿಸಿದ ತಿಂಗಳಲ್ಲೇ ಇವಳಿಗೂ ಆಯಿತು. ಇದನ್ನು ಬರೆಯುವವರೆಗೆ ನನಗೇ ಅದು ಹೊಳೆದಿರಲಿಲ್ಲ.

ನಿನ್ನ ಮಗಳು


25 ಆಗಸ್ಟ್

ಪುಟ್ಟಿ,

ಮೂರು ಸಲ ಬರೆದು ಹರಿದೆ.

ಎಲ್ಲ ನಿಯಮದಂತೆ ಆಗಿದೆ ಅಂದಿದ್ದೀಯ. ಅಪ್ಪನದ್ದೂ ನಿಯಮದಂತೆಯೇ ಆಯಿತು. ಆಸ್ಪತ್ರೆಯ ಓಣಿಯಲ್ಲಿ ನಾನು ಫ್ಲಾಸ್ಕ್ ಹಿಡಿದು ನಿಂತಿದ್ದೆ. ಡಾಕ್ಟರು ನಿನ್ನ ಜೊತೆ ನಿಮ್ಮ ನಿಮ್ಮ ಮಾತಿನಲ್ಲಿ ಮಾತಾಡಿದರು. ನೀನು ತಲೆಯಾಡಿಸಿ ಬಂದು, "ಅಮ್ಮ, ಒಂದು ಚಿಕ್ಕ ಪೈಪ್ ಅಷ್ಟೆ, ಗಾಬರಿ ಆಗ್ಬೇಡ" ಅಂದೆ. ಅಷ್ಟು ಹೊತ್ತಿಗೆ ಅವನ ಮಂಚದ ಗಾಲಿ ಉರುಳುತ್ತಿತ್ತು.

ನಾನು ಬೇಡ ಅನ್ನುತ್ತಿದ್ದೆ ಅಂತಲ್ಲ. ಬೇಕು ಅಂತಲೇ ಅನ್ನುತ್ತಿದ್ದೆನೇನೋ. ಏನನ್ನುತ್ತಿದ್ದೆ ಅಂತ ನನಗೇ ಗೊತ್ತಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು. ಅವನಿಗೆ ಮಾತು ಹೋಗಿತ್ತು, ಕಿವಿ ಹೋಗಿರಲಿಲ್ಲ. ಅವನನ್ನೂ ಕೇಳಬಹುದಿತ್ತು.

ಬೂದಿಯನ್ನು ಮನೆಗೆ ಕಳಿಸು. ನಿನ್ನ ವಿವರಣೆ ಎಲ್ಲ ಅರ್ಥವಾಯಿತು. ಕಳಿಸು.

ಅಮ್ಮ


10 ಸೆಪ್ಟೆಂಬರ್

ಅಮ್ಮ,

ನಿನ್ನ ಕಾಗದ ಬಂದಮೇಲೆ ಎರಡು ವಾರ ಬೂದಿಯ ಮುಚ್ಚಳ ತೆಗೆಯಲಿಲ್ಲ. ಬೇರೆ ಏನೋ ನೆಪ ಹೇಳಿದೆ. ಮೊನ್ನೆ ಕ್ಷೇಮದ ಪಾಠದಲ್ಲಿ ಅದೇ ಹಳೆಯ ಮಾತುಗಳನ್ನು ಹೇಳುತ್ತಿದ್ದೆ. ಏಣಿ ಕೈ ಎತ್ತಿದಳು.

"ಮೇಡಂ, ಬೂದಿಗೆ ಆಪರೇಷನ್ ಮಾಡೋಕೆ ಯಾರು ಒಪ್ಪಿದ್ದು?"

"ನಾನು."

"ಬೂದಿ ನಿಮ್ಮದಾ ಮೇಡಂ?"

"ನಮ್ಮಮ್ಮನದು."

"ಅವರಿಗೆ ಗೊತ್ತಾ?"

ಈಗ ಗೊತ್ತು ಅಂದೆ. ಅವಳು ಕೂತಳು. ಮುಂದೆ ಏನು ಪಾಠ ಮಾಡಿದೆನೋ ನನಗೆ ನೆನಪಿಲ್ಲ.

ಬೂದಿಯನ್ನು ಇರುವ ಹಾಗೆಯೇ ಕಳಿಸಲು ಬರುವುದಿಲ್ಲ. ದಿನಾ ಅಂಚು ತೊಳೆಯಬೇಕು, ಮುಚ್ಚಳ ಸಡಿಲವಾದರೆ ತಕ್ಷಣ ಗೊತ್ತಾಗಬೇಕು. ಹೊಲಿದು ಮುಚ್ಚಬಹುದು. ಆದರೆ ಅವಳಿಗೆ ವಯಸ್ಸಾಗಿದೆ, ಕೀವಾದರೆ ಉಳಿಯದೆ ಹೋಗಬಹುದು. ಇಲ್ಲೇ ಇದ್ದರೆ ಹೀಗೇ ಇನ್ನೂ ಹಲವು ವರ್ಷ ಬದುಕುತ್ತಾಳೆ, ಇನ್ನೂ ಎಷ್ಟೋ ಹಸುಗಳನ್ನು ಏಳಿಸುತ್ತಾಳೆ. ಇದರಲ್ಲಿ ಯಾವುದು ಸರಿ ಅಂತ ನಾನು ಹೇಳುವುದಿಲ್ಲ. ಹೇಳುವ ಹಕ್ಕನ್ನು ನಾನು ಕಳೆದುಕೊಂಡಿದ್ದೇನೆ.

ಇನ್ನೊಂದು ಸಲ ಬಾ. ಏಣಿಯೂ ಅವಳ ಗುಂಪಿನವರೂ ನಿನ್ನ ಎದುರು ಕೂತು ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ, ಆಮೇಲೆ ನಿನ್ನನ್ನು ಕೇಳುತ್ತಾರೆ. ದನದ ಮನೆಯವರ ಹತ್ತಿರ ಹೇಗೆ ಮಾತಾಡಬೇಕು ಅಂತ ನಾನು ಅವರಿಗೆ ಇದುವರೆಗೂ ಕಲಿಸಿಲ್ಲ. ನಾನು ಬಾಗಿಲ ಹತ್ತಿರ ನಿಂತಿರುತ್ತೇನೆ. ಬಾಯಿ ಬಿಡುವುದಿಲ್ಲ.

ನಿನ್ನ ಮಗಳು


2 ಅಕ್ಟೋಬರ್

ಪುಟ್ಟಿ,

ಬಸ್ಸಿನಲ್ಲಿ ನನ್ನ ಕಣ್ಣು ಒಂದು ಕ್ಷಣವೂ ಹತ್ತಲಿಲ್ಲ. ಬಂದವಳು ಚೀಲ ಕೆಳಗಿಟ್ಟು ಇದನ್ನು ಬರೆಯುತ್ತಿದ್ದೇನೆ.

ನೀನು ಮಾತು ಉಳಿಸಿಕೊಂಡೆ. ಬಾಗಿಲ ಹತ್ತಿರ ಕೈಕಟ್ಟಿ ನಿಂತೇ ಇದ್ದೆ. ಆ ಗಲಾಟೆ ಹುಡುಗ, ವಾಚಿನವನು, ನನಗೆ ಕುರ್ಚಿ ಎಳೆದು ಹಾಕಿ, "ಅಮ್ಮ, ಅವತ್ತು ನಾನು ತಮಾಷೆ ಮಾಡಿದ್ದು ನಿಮಗೆ ಕೇಳಿಸ್ತಂತೆ" ಅಂದ. ಕೇಳಿಸ್ತು, ತಮಾಷೆ ಚೆನ್ನಾಗಿತ್ತು, ಹಸು ನನ್ನದಾಗಿತ್ತು ಅಷ್ಟೆ ಅಂದೆ. ಅವನ ಕಿವಿ ಕೆಂಪಾಯಿತು.

ಏಣಿ ನನಗಿಂತ ಎತ್ತರ ಕಾಣಬಾರದು ಅಂತಲೋ ಏನೋ ಚಿಕ್ಕ ಸ್ಟೂಲಿನ ಮೇಲೆ ಕೂತಳು. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಎಲ್ಲ ಹೇಳಿದಳು. ನಡುವೆ ನಾನು ತಡೆದು ಕೇಳಿದಾಗಲೆಲ್ಲ ನಿಲ್ಲಿಸಿ, ಮತ್ತೆ ಮೊದಲಿಂದ ಹೇಳಿದಳು. ಮುಚ್ಚುವಾಗ ಸತ್ತರೆ ಅಂತ ಕೇಳಿದೆ. "ಸಾಯಬಹುದು ಅಮ್ಮ. ಸಾಯಲ್ಲ ಅಂತ ಹೇಳೋಕೆ ನನಗಾಗಲ್ಲ" ಅಂದಳು. ಹಾಗಾದರೆ ಇಲ್ಲೇ ಇರಲಿ ಅಂತ ನಾಲಿಗೆಯ ತುದಿಗೆ ಬಂತು. ಎದ್ದು ನಿಂತ ಆ ಹಾಲಿನ ಹಸುವೂ ನೆನಪಾಯಿತು.

ಆಗ ಅವಳು, "ನೀವು ಬೇಡ ಅಂದ್ರೆ ಇವತ್ತಿಂದಲೇ ನಿಲ್ಲಿಸ್ತೀವಿ. ಯಾಕೆ ಅಂತ ಕೇಳಲ್ಲ" ಅಂದಳು.

ನಾನು ಬೇಡ ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಬೇಡ. ಹೊಲಿದು ಕಳಿಸಿ. ಹೋದರೆ ಹೋಗಲಿ, ಮನೆಯ ದನವಾಗಿ ಹೋಗಲಿ."

"ಸರಿ ಅಮ್ಮ" ಅಂದಳು.

ಇನ್ನೇನಾದರೂ ಹೇಳುತ್ತಾಳೆ ಅಂತ ಕಾದೆ. ಯಾರಾದರೂ ದೊಡ್ಡವರು ಒಳಗೆ ಬಂದು ನಿಮಗೆ ಅರ್ಥ ಆಗಲ್ಲ ಅನ್ನುತ್ತಾರೆ ಅಂತ ಕಾದೆ. ಯಾರೂ ಬರಲಿಲ್ಲ. "ಇಷ್ಟೇನಾ?" ಅಂದೆ. "ಇಷ್ಟೇ ಅಮ್ಮ" ಅಂದಳು.

ಇಷ್ಟೇನಾ ಪುಟ್ಟಿ? ಒಂದು ಮಾತು ಅಂದರೆ ನಿಲ್ಲಿಸುತ್ತಾರಾ? ದಾರಿಯುದ್ದಕ್ಕೂ ಅದೊಂದೇ. ನಿನ್ನನ್ನು ಒಂದು ಕೇಳುತ್ತೇನೆ, ಅವಸರದಲ್ಲಿ ಉತ್ತರ ಬರೆಯಬೇಡ. ಆ ದಿನ ಓಣಿಯಲ್ಲಿ ನಾನು ಬೇಡ ಅಂದಿದ್ದರೆ, ನೀನು ಸರಿ ಅಮ್ಮ ಅನ್ನುತ್ತಿದ್ದೆಯಾ?

ಅಮ್ಮ


24 ಅಕ್ಟೋಬರ್

ಅಮ್ಮ,

ಮೊದಲು ಬೂದಿಯ ವಿಷಯ. ಹೊಲಿದರು. ನಾನು ಹೊಲಿಯಲಿಲ್ಲ. ಅವಳ ತಲೆ ಹಿಡಿದು ನಿಂತಿದ್ದೆ, ಆಯ್ತು, ಆಯ್ತು ಅಂತ ಅನ್ನಲಿಲ್ಲ. ಮೂರು ದಿನ ಮೈ ಕಾದಿತ್ತು, ಮೇವಿಗೆ ಮೂತಿ ಹಾಕಲಿಲ್ಲ. ಹೋಗಿಯೇಬಿಟ್ಟಳು ಅಂದುಕೊಂಡೆವು. ನಾಲ್ಕನೆಯ ದಿನ ಏಣಿಯ ಕೈಯಿಂದ ಹುಲ್ಲು ತಿಂದಳು. ಈಗ ಗಾಯ ಒಣಗಿದೆ. ಆ ಕಡೆ ಕೂದಲು ಬರುವುದಿಲ್ಲ, ಒಂದು ಗಂಟು ಉಳಿಯುತ್ತದೆ.

ನೀನು ಕೇಳಿದ್ದಕ್ಕೆ ಉತ್ತರ. ಇಲ್ಲ ಅಮ್ಮ. ಅನ್ನುತ್ತಿರಲಿಲ್ಲ.

ನೀನು ಬೇಡ ಅಂದಿದ್ದರೂ ನಾನು ಪೈಪ್ ಹಾಕಿಸುತ್ತಿದ್ದೆ. ನಿನಗೆ ಅರ್ಥವಾಗುವುದಿಲ್ಲ ಅಂತ ಹೊರಗೆ ಕೂರಿಸುತ್ತಿದ್ದೆ. ಅಪ್ಪ ಕೈಸನ್ನೆಯಲ್ಲಿ ಬೇಡ ಅಂದಿದ್ದರೂ, ಜ್ವರದಲ್ಲಿ ಹಾಗೆ ಮಾಡುತ್ತಿದ್ದಾರೆ ಅನ್ನುತ್ತಿದ್ದೆ. ನನಗೆ ಅಪ್ಪ ಬೇಕಿತ್ತು. ಅಪ್ಪನಿಗೆ ಏನು ಬೇಕು ಎಂಬುದು ನನ್ನ ತಲೆಗೇ ಬರಲಿಲ್ಲ. ಬರೀ ಹೌದು ಅಂತ ಬರೆದು ಕಳಿಸಿಬಿಡೋಣ ಅಂತ ಹತ್ತು ಸಲ ಅನ್ನಿಸಿತು. ನಿಜ ಬರೆದು, ಓದಿ ನೋಡಿ, ಯಾರೋ ಬೇರೆಯವಳ ಕಾಗದ ಎಂಬಂತೆ ಬೆಚ್ಚಿಬಿದ್ದೆ.

ಶನಿವಾರ ಬೂದಿಯನ್ನು ವ್ಯಾನಿನಲ್ಲಿ ಕಳಿಸುತ್ತೇವೆ. ಏಣಿ ಜೊತೆಗೆ ಬರಲು ತಯಾರಿದ್ದಾಳೆ. ನಾನೂ ಬರಲಾ? ನೀನು ಬೇಡ ಅಂದರೆ ಬರುವುದಿಲ್ಲ. ಯಾಕೆ ಅಂತಲೂ ಕೇಳುವುದಿಲ್ಲ.

ನಿನ್ನ ಮಗಳು


27 ಅಕ್ಟೋಬರ್

ಪುಟ್ಟಿ,

ಈ ಶನಿವಾರ ಬೇಡ. ಬೂದಿಯನ್ನು ಏಣಿ ಕರೆತರಲಿ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ನಿಜ ಬರೆದೆ, ಅದಕ್ಕೆ ಇದನ್ನು ಬರೆಯಲು ನನ್ನ ಕೈ ಏಳುತ್ತಿದೆ. ಹೌದು ಅಂತ ಬರೆದಿದ್ದರೆ ಇನ್ನು ಮೇಲೆ ಕಾಗದವೇ ಬೇಡ ಅನ್ನುತ್ತಿದ್ದೆ. ಹಾಗಂತ ಎದುರಿಗೆ ನಿಲ್ಲುವ ಶಕ್ತಿ ನನಗಿನ್ನೂ ಬಂದಿಲ್ಲ. ನಿನ್ನನ್ನು ನೋಡಿದರೆ ಆ ಮಂಚದ ಗಾಲಿಯ ಸದ್ದು ಕೇಳುತ್ತದೆ.

ಅದರ ಮುಂದಿನ ಶನಿವಾರ ಬಾ. ಎರಡು ದಿನ ಇರುವ ಹಾಗೆ ಬಾ. ಒಂದು ದಿನವಂತೂ ಜಗಳಕ್ಕೇ ಹೋಗುತ್ತದೆ.

ಅಮ್ಮ